ಆರು ಆದ್ಮೇಲೆ ಎಂಟು

ಊರಿಗಿದ್ದ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಪ್ರತಿ ತೆಗೆಯುತ್ತಿದ್ದವಳ ಕಿವಿ, ಹೈಸ್ಕೂಲು ಹುಡುಗಿಯರಿಬ್ಬರ ಮಾತಿಗೆ ನಿಮಿರಿತು.

“ಡ್ರಿಲ್‌ನಲ್ಲಿ ಸಾಲಾಗಿ ನಂಬರ್ ಹೇಳುವಾಗ ನಾನು ಏಳು ಅಂದಿದ್ದಕ್ಕೆ ಎಲ್ರೂ ನಕ್ರು ಕಣೇ.”

“ನೀನು ಹೊಸಬಳು. ನಮ್ಮಲ್ಲಿ ಆರು ಆದ್ಮೇಲೆ ಎಂಟೇ.”

“ಏಳೇನು ಪಾಪ ಮಾಡಿತ್ತು?”

“ಅದು ಯಾರೋ ಅಕ್ಕನ ನಂಬರಂತೆ. ಅಮ್ಮ ಹಾಸಿಗೆ ಹಿಡಿದ್ರು ಅಂತ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಳಂತೆ. ವಾಪಸ್ ಬಂದ್ರೆ ಜಾಗ ಬೇಕಲ್ಲ ಅಂತಾರೆ ಡ್ರಿಲ್ ಮೇಷ್ಟ್ರು.”

“ಎಷ್ಟು ವರ್ಷ ಆಯ್ತು?”

“ನಾಲ್ಕು.”

“ಇನ್ನೆಲ್ಲಿ ಬರ್ತಾಳೆ, ಬಿಡು!”

ಹಾಳೆ ಮಡಚಿಕೊಂಡು ಇಬ್ಬರೂ ನಗುತ್ತ ಹೊರಟರು.

ಅವರು ತಿರುವು ದಾಟಿದ ಮೇಲೆ ಅವಳು ತನ್ನ ನಂಬರನ್ನು ಮೆಲ್ಲಗೆ ಹೇಳಿಕೊಂಡಳು: “ಏಳು.”

ಹೇಳಿದ್ದೇ ತಡ, ಮೇಷ್ಟ್ರೇ ಅಪ್ಪಣೆ ಕೊಟ್ಟಂತೆ ಸ್ಟೂಲು ಬಿಟ್ಟು ಎದ್ದು ನಿಂತಳು.