ಶಾಯಿಯ ಹಿಂದಿನ ಎರಡು ಹೆಸರು

ಮಾಹಿತಿ ಹಕ್ಕಿನ ಕಚೇರಿಯ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಹೋದ ವರ್ಷ ಮುಳುಗಿದ ದೋಣಿಯಲ್ಲಿ ಹಿರಿಯಾಕೆಯ ಮಗ ಇಂಜಿನ್ ನೋಡಿಕೊಳ್ಳುತ್ತಿದ್ದ, ಕಿರಿಯಾಕೆಯ ಗಂಡ ಹಗ್ಗ ಕಟ್ಟುತ್ತಿದ್ದ. ಇಬ್ಬರೂ ಬದುಕಿ ಬರಲಿಲ್ಲ. ತನಿಖಾ ವರದಿಯ ಪುಟ ಈಗ ಅವರ ಕೈಗೆ ಬಂದಿತ್ತು. ಹೆಸರುಗಳ ಮೇಲೆಲ್ಲ ಕಚೇರಿಯವರು ಕಪ್ಪು ಶಾಯಿ ಎಳೆದಿದ್ದರು.

"ಇನ್ನೊಂದು ಸಲ ಓದಮ್ಮ," ಎಂದಳು ಹಿರಿಯಾಕೆ.

"ದೋಣಿಯ ಇಬ್ಬರು ನೌಕರರಲ್ಲಿ ಒಬ್ಬ ಮೊದಲೇ ನೀರಿಗೆ ಹಾರಿದ. ಇನ್ನೊಬ್ಬ ಮಕ್ಕಳನ್ನು ಕಿಟಕಿಯಿಂದ ಎತ್ತಿ ಕೊಡುತ್ತ ಒಳಗೇ ಉಳಿದ."

"ಬೆಳಕಿಗೆ ಹಿಡಿ, ನೋಡೋಣ."

ಬಿಸಿಲಿಗೆ ಶಾಯಿ ತೆಳುವಾಗಿ, ಅಕ್ಷರಗಳು ನೀರಿನ ತಳದ ಕಲ್ಲುಗಳಂತೆ ಅಲುಗಿದವು.

"ಕಾಣುತ್ತಾ?"

"ನಿಮ್ಮ ಮಗನ ಹೆಸರಿನ ಹಾಗೂ ಕಾಣುತ್ತೆ, ನಮ್ಮನೆಯವರ ಹೆಸರಿನ ಹಾಗೂ ಕಾಣುತ್ತೆ."

"ನನ್ನ ಮಗ ಚಿಕ್ಕವನಿದ್ದಾಗ ಬಾವಿ ಕಂಡ್ರೆ ಓಡಿಹೋಗ್ತಿದ್ದ. ದೋಣಿ ಕೆಲಸ ಅಂದಾಗ ನಾನು ನಕ್ಕುಬಿಟ್ಟಿದ್ದೆ."

"ನಮ್ಮವರು ಈಜೋದ್ರಲ್ಲಿ ಎತ್ತಿದ ಕೈ. ಅದೇ ನನಗೆ ಹೆದರಿಕೆ."

"ಮೇಲ್ಮನವಿ ಹಾಕಿದ್ರೆ ಹೆಸರು ತೋರಿಸ್ತಾರಂತಲ್ಲ?"

"ತುಂಬಿಸಿ ಇಟ್ಟಿದೀನಿ. ಇನ್ನೊಂದು ಮನೆಯವರ ಒಪ್ಪಿಗೆ ಬೇಕಂತೆ. ಇಲ್ಲಿ ನಿಮ್ಮ ರುಜು."

ಹಿರಿಯಾಕೆ ಪೆನ್ನು ತೆರೆದಳು, ಬರೆಯಲಿಲ್ಲ.

"ನಿನ್ನ ಮಗಳಿಗೆ ಏನಂತ ಹೇಳಿದೀಯ?"

"ಒಳಗೆ ಉಳಿದೋರು ನಿಮ್ಮಪ್ಪ ಅಂತ."

"ಮೊಮ್ಮಗನಿಗೆ ನಾನೂ ಅದನ್ನೇ ಹೇಳಿದೀನಿ."

ಕೌಂಟರಿನವನು ಅವರ ಸಂಖ್ಯೆ ಕೂಗಿದ. ಹಿರಿಯಾಕೆ ಪೆನ್ನಿಗೆ ಮುಚ್ಚಳ ಹಾಕಿದಳು.

"ನಡಿ ಮಗಳೇ, ಬಸ್ಸು ಹೊರಟುಬಿಡುತ್ತೆ."

ಕಿರಿಯಾಕೆ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಅವರು ಮೆಟ್ಟಿಲಿಳಿದ ಮೇಲೂ ಅವನು ಅದೇ ಸಂಖ್ಯೆ ಕೂಗುತ್ತಿದ್ದ.