ಒಂದೇ ಪ್ರಶ್ನೆಗೆ ಎರಡು ಉತ್ತರ

ಲೈಡನ್ ಆಸ್ಪತ್ರೆಯಿಂದ ಕಾಟ್ವೈಕ್ ಊರಿಗೆ ಹೊರಟ ಬಸ್ಸಿನಲ್ಲಿ, ಅದೇ ಊರಿನ ಯಾನ್ನೆಟ್ಯೆಯ ಮುಂದಿನ ಸೀಟಿನಲ್ಲಿ ನೇಲ್ಟ್ಯೆ ಮತ್ತು ಮಗಳು ದಿರ್ಕ್ಯೆ ಕೂತಿದ್ದರು. ತನ್ನ ತಾಯಿಯಿಂದ ಬಂದ ಮಿದುಳಿನ ರಕ್ತನಾಳದ ಕಾಯಿಲೆ ನೇಲ್ಟ್ಯೆಯ ನೆನಪನ್ನು ತಿನ್ನುತ್ತಿರುವುದು ಊರಿಗೇ ಗೊತ್ತಿತ್ತು.

“ಡಾಕ್ಟರು ಏನಂದ್ರೇ?”

“ನಿನ್ನ ಕಾಯಿಲೆ ನನ್ನ ರಕ್ತದಲ್ಲೂ ಇದೆಯಂತಮ್ಮ.”

ನೇಲ್ಟ್ಯೆ ಅತ್ತಳು. “ನಾನೇ ಕೊಟ್ಟೆನಲ್ಲೇ!”

“ನೀನೇನು ಅಂಗಡೀಲಿ ಕೊಂಡು ತಂದ್ಯಾ? ಸುಮ್ನಿರು.”

ಎರಡು ಸ್ಟಾಪ್ ಕಳೆದವು.

“ಹೌದೂ, ಡಾಕ್ಟರು ಏನಂದ್ರೇ?”

ದಿರ್ಕ್ಯೆ ಕಿಟಕಿಯತ್ತ ತಿರುಗಿದಳು. “ನಂಗೇನೂ ಇಲ್ವಂತಮ್ಮ.”

“ಅಬ್ಬಾ! ಇನ್ನಾದ್ರೂ ಒಂದು ಮಗು ಮಾಡ್ಕೊಳ್ರೇ. ಹೆಣ್ಣಾದ್ರೆ ನನ್ನ ಹೆಸರಿಡ್ಬೇಕು, ನಿಂಗೆ ನಮ್ಮಮ್ಮನ ಹೆಸರಿಟ್ಟ ಹಾಗೆ.”

“ಇಡ್ತೀನಮ್ಮ. ಏಳು, ಸ್ಟಾಪ್ ಬಂತು.”

ಇಳಿಯುವಾಗ ನೇಲ್ಟ್ಯೆ ಡ್ರೈವರನ ಭುಜ ತಟ್ಟಿದಳು. “ನನ್ನ ಮಗಳು ಪಾರಾದ್ಳು ಕಣಪ್ಪಾ!”