ಯಜಮಾನರಿಗೆ ಕೊಟ್ಟ ಜೋಡಿ ಮೀನು

ಸಂಜೆ ತರಗತಿಗೆ ಹೊರಟಿದ್ದ ಗುಮಾಸ್ತ ಶೇಷಣ್ಣ ರಾಜಾಜಿನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದ. ಮುಂದೆ ಕಾರ್ಖಾನೆಯ ಇಬ್ಬರು ಕೆಲಸಗಾರರು ನಿಂತಿದ್ದರು. ಕೇಳಬಾರದೆಂದುಕೊಂಡರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಚೌಡಣ್ಣ, ನಿಮ್ಮ ಬಾಡಿಗೆ ಮನೆ ಯಜಮಾನರಿಗೆ ಮೀನು ಕೊಟ್ಯಂತೆ?”

“ಕೊಟ್ಟೆ ಕಣೋ ಮರಿಯಪ್ಪ. ಗಾಜಿನ ತೊಟ್ಟಿ ತಂದಿಟ್ಟು, ಒಂದು ಜೋಡಿ ಕೊಡು ಅಂತ ದುಂಬಾಲು ಬಿದ್ದಿದ್ರು.”

“ನಿನ್ನ ಮೀನಿನ ಮೊಟ್ಟೆ ಹಾಳು ಮಾಡಿದೋರಿಗೇನಾ?”

“ಹೂಂ. ಬೆರಳುದ್ದದ ಪುಕ್ಕಲು ಮೀನು, ತೊಟ್ಟಿಲಿರೋ ಕುಡಿಕೆಯೊಳಗೆ ಮೊಟ್ಟೆ ಇಟ್ಟಿವೆ, ಮುಟ್ಟಬೇಡಿ ಅಂದಿದ್ದೆ. ನಾನು ಕೆಲಸಕ್ಕೆ ಬಂದಾಗ ತಮ್ಮ ಹತ್ರ ಇರೋ ಬೀಗದಕೈಲಿ ಒಳಗೆ ಹೋಗಿ ಕುಡಿಕೆ ಎತ್ತಿ ನೋಡೋರು. ಬೆದರಿ ಮೂರು ಸಲ ಮೊಟ್ಟೆ ತಾವೇ ತಿಂದ್ಕೊಂಡ್ವು.”

“ಆದ್ರೂ ಜೋಡಿ ಕೊಟ್ಯಲ್ಲ!”

“ಎರಡೂ ಹೆಣ್ಣು.”

ಮರಿಯಪ್ಪ ಬಾಯಿಗೆ ಟವೆಲ್ ಒತ್ತಿಕೊಂಡ. “ಅವರಿಗೆ ಗೊತ್ತಾಗ್ಲಿಲ್ವಾ?”

“ಮೊಟ್ಟೆ ಇಡ್ತವೆ, ಕಾವಲೂ ಕಾಯ್ತವೆ. ಗಂಡಿಲ್ದೆ ಮರಿಯಾಗೋದೆಲ್ಲಿ, ನಾಲ್ಕನೇ ದಿನ ಬೂಷ್ಟು ಹಿಡಿಯುತ್ತೆ. ಯಾಕೋ ಅಂದ್ರು. ನೀವು ಇಣುಕಿದ್ರಲ್ಲ ಸ್ವಾಮಿ, ಅದಕ್ಕೇ ಅಂದೆ. ಈಗ ಸ್ವಂತ ಮನೇಲಿ ತುದಿಗಾಲಲ್ಲಿ ಓಡಾಡ್ತಾರೆ. ಹೆಂಡ್ತಿ ಒರಳಲ್ಲಿ ರುಬ್ಬೋ ಹಾಗಿಲ್ಲ.”

“ಪಾಪ, ಹೇಳ್ಬಿಡಣ್ಣ.”

“ಹೇಳ್ತೀನಿ. ನಂದು ಮೂರು ಸಲ ಹೋಯ್ತು. ಅವರದ್ದಿನ್ನೂ ಎರಡೇ ಆಗಿರೋದು.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು. ಶೇಷಣ್ಣನ ಬಸ್ಸು ಇನ್ನೂ ಬಂದಿರಲಿಲ್ಲ.